ದೋಣಿಯ ತಳ, ಆಚಾರ್ರ ಕೆನ್ನೆ

ಪಾತ್ರೆ ಅಂಗಡಿಗೆ ಹೋದಾಗ ನೀವು ಮೊದಲು ಏನನ್ನು ನೋಡುತ್ತೀರೋ ನನಗೆ ಗೊತ್ತಿಲ್ಲ. ನಮ್ಮವ್ವ ಮಾತ್ರ ತಳವನ್ನು ನೋಡುತ್ತಿದ್ದಳು. ಮಧುಗಿರಿಯ ಸಂತೆಯಲ್ಲಿ ಥಳಥಳ ಹೊಳೆಯುವ ಕೊಡಗಳ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಬೋರಲು ಹಾಕಿ, ಅಂಗೈಯಿಂದ ಸವರಿ, ಅಂಗಡಿಯವನು ಹೊಳಪಿನ ಬಗ್ಗೆ ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಯೋಚಿಸುತ್ತಿದ್ದಳು. ಚಪ್ಪಟೆ ತಳದ್ದು ನೆಲದ ಮೇಲೆ ಇಟ್ಟಲ್ಲಿ ಇರುತ್ತದೆ, ಆದರೆ ಸೊಂಟಕ್ಕೆ ಒಗ್ಗುವುದಿಲ್ಲ. ಗುಂಡು ತಳದ್ದು ಸೊಂಟದ ಮೇಲೆ ಕೂಸಿನ ಹಾಗೆ ಕೂರುತ್ತದೆ, ಆದರೆ ನೆಲಕ್ಕಿಟ್ಟರೆ ಸಿಂಬೆ ಬೇಕು, ಇಲ್ಲವಾದರೆ ಉರುಳುತ್ತದೆ. ಎರಡೂ ಗುಣ ಇರುವ ಕೊಡ ಯಾವ ಸಂತೆಯಲ್ಲೂ ಸಿಗುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು; ಆದರೂ ಪ್ರತಿಸಲವೂ ಹುಡುಕುತ್ತಿದ್ದಳು. ತಳ ಎಂಬುದು ಇಷ್ಟು ದೊಡ್ಡ ವಿಷಯವೆಂದು ನನಗೆ ಅರ್ಥವಾಗಲು ಯಶವಂತಪುರಕ್ಕೆ ಬರಬೇಕಾಯಿತು, ದೋಣಿಯೊಂದನ್ನು ನೋಡಬೇಕಾಯಿತು.

ನಾನು ಬಾವಿ ನೀರಿನ ಸೀಮೆಯವನು. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷವನ್ನು ಜನ ಮಕ್ಕಳ ವಯಸ್ಸು ಹೇಳುವುದಕ್ಕೆ ಬಳಸುತ್ತಿದ್ದರು, ಅಷ್ಟು ಅಪರೂಪ. ಮೀಸೆ ಬಂದ ಮೇಲೆ ರಾತ್ರಿ ಶಾಲೆಯ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು ಎಸ್ಸೆಸ್ಸೆಲ್ಸಿ ದಾಟಿದವನು, ಬೆರಳುಗಳು ಗಟ್ಟಿಯಾದ ಮೇಲೆ ಟೈಪಿಂಗ್ ಕಲಿತವನು. ಈ ಬರಹವನ್ನೂ ಒಂದೊಂದೇ ಅಕ್ಷರ ನಿಧಾನಕ್ಕೆ ಕುಟ್ಟುತ್ತಿದ್ದೇನೆ; ಓದುವ ನಿಮಗೆ ಅವಸರವಿಲ್ಲದಿದ್ದರೆ ನನಗೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಸಾಮಿಲ್ಲುಗಳ ಹಿಂದಿದ್ದ ಒಂದು ತಗಡಿನ ಶೆಡ್ಡಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಅಲ್ಲಿ ಗಾಜಿನ ನಾರನ್ನು ರಾಳದಲ್ಲಿ ಅದ್ದಿ, ಅಚ್ಚಿನ ಮೇಲೆ ಪದರ ಪದರವಾಗಿ ಅಂಟಿಸಿ, ನೀರಿನ ಟ್ಯಾಂಕು, ಬಸ್ಸಿನ ಸೀಟು, ಇಂಥವನ್ನು ಮಾಡುತ್ತಿದ್ದರು. ರಾಳದ ಗಾಟು ವಾಸನೆ ಬಟ್ಟೆಗೆ ಹತ್ತಿ, ಸಂಜೆ ಗಂಗಾನಗರದ ನನ್ನ ಬಾಡಿಗೆ ಕೋಣೆಯವರೆಗೂ ಬಸ್ಸಿನಲ್ಲಿ ನನ್ನ ಜೊತೆಗೇ ಬರುತ್ತಿತ್ತು.

ಆ ಶೆಡ್ಡಿಗೆ ಒಂದು ದಿನ ದೋಣಿಯ ಆರ್ಡರು ಬಂತು. ಸಮುದ್ರ ಎಲ್ಲಿ, ಯಶವಂತಪುರ ಎಲ್ಲಿ ಎಂದು ನಾವೆಲ್ಲ ನಕ್ಕೆವು. ಆದರೆ ದೋಣಿ ಬೇಕಾಗಿದ್ದುದು ಸಮುದ್ರಕ್ಕಲ್ಲ. ಒಂದು ಅಣೆಕಟ್ಟಿನ ಹಿನ್ನೀರಿನ ಆಚೆ ದಡದಲ್ಲಿ, ರಸ್ತೆ ಮುಳುಗಿಹೋಗಿ ದ್ವೀಪದಂತಾಗಿದ್ದ ಹಳ್ಳಿಗಳಿದ್ದವು. ಅಲ್ಲಿಯ ಬಸುರಿಯರನ್ನು, ಕಾಯಿಲೆಯವರನ್ನು ಈಚೆ ದಡದ ಆಸ್ಪತ್ರೆಗೆ ತರಲು ಮೋಟರು ದೋಣಿ ಬೇಕಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ನರ್ಸು ಲೀಲಮ್ಮ ಸಿಸ್ಟರ್ ಆರ್ಡರಿನ ವಿಷಯ ಮಾತಾಡಲು ಬಂದ ಅಧಿಕಾರಿಯ ಜೊತೆ ತಾವೂ ಬಂದಿದ್ದರು. ದಪ್ಪ ಕನ್ನಡಕ, ಬಿಳಿ ಸೀರೆ, ಗಟ್ಟಿ ದನಿ. ಅಧಿಕಾರಿ ಆಫೀಸಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಅವರು ನೆಟ್ಟಗೆ ಶೆಡ್ಡಿನ ಒಳಕ್ಕೇ ನಡೆದುಬಿಟ್ಟರು.

ನಮ್ಮ ಇಂಜಿನಿಯರು ಪ್ರಭಾಕರ ಅವರು ಕರಾವಳಿಯವರು. ದೋಣಿಯ ಹೆಸರು ಕೇಳಿದ್ದೇ ತಡ, ಅವರ ಮುಖದಲ್ಲಿ ಮೀನಿನ ಬುಟ್ಟಿ ಕಂಡ ಬೆಕ್ಕಿನ ಕಳೆ ಬಂದಿತ್ತು. ಅಂಗೈ ಅಗಲದ ನಾಲ್ಕಾರು ಮರದ ದೋಣಿಗಳನ್ನು ಮಾಡಿಸಿ, ಶೆಡ್ಡಿನ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ತೇಲಿಬಿಟ್ಟು, ಮೂತಿಗೆ ದಾರ ಕಟ್ಟಿ ಎಳೆಯುತ್ತಿದ್ದರು. ಲೀಲಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೈಚೀಲ ಇಟ್ಟು ಕೂತರು.

"ಇವು ಯಾರ ಮನೆ ಮಕ್ಕಳ ಆಟದ ಸಾಮಾನು?"

"ಆಟ ಅಲ್ಲ ಸಿಸ್ಟರ್, ನಿಮ್ಮದೇ ದೋಣಿಗಳು. ನೋಡಿ, ಮೇಲೆ ಎಲ್ಲ ಒಂದೇ. ವ್ಯತ್ಯಾಸ ಇರುವುದು ಅಡಿಯಲ್ಲಿ ಮಾರಾಯ್ರೆ."

ಅವರು ಮೊದಲು ಗುಂಡು ಹೊಟ್ಟೆಯದನ್ನು ಎಳೆದರು. ಅದು ನೀರನ್ನು ಮೆಲ್ಲಗೆ ಎರಡೂ ಕಡೆ ಸರಿಸಿ, ಮುಂದೆ ಹೋಗಿ, ತನ್ನ ಹಿಂದೆ ನೀರು ಸದ್ದಿಲ್ಲದೆ ಕೂಡಿಕೊಳ್ಳಲು ಬಿಟ್ಟಿತು. ಎಂಥ ಸಭ್ಯತೆ! ಆದರೆ ದಾರವನ್ನು ಜೋರಾಗಿ ಎಳೆದಾಗ ಒಂದು ವಿಚಿತ್ರ ಕಂಡಿತು. ಅದರ ಮುಂದೊಂದು ಅಲೆ ಎದ್ದಿತು, ಹಿಂದೊಂದು ಎದ್ದಿತು, ನಡುವಿನ ಹಳ್ಳದಲ್ಲಿ ದೋಣಿ ಕೂತುಬಿಟ್ಟಿತು. ಇನ್ನಷ್ಟು ಎಳೆದರೆ ಅಲೆ ಇನ್ನಷ್ಟು ದೊಡ್ಡದಾಯಿತೇ ಹೊರತು ದೋಣಿ ಅದನ್ನು ದಾಟಲಿಲ್ಲ. ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲಾರದು, ಅದೇ ಅದರ ಮಿತಿ ಎಂದರು ಪ್ರಭಾಕರ. ದೋಣಿಯ ಬಗ್ಗೆ ಹೇಳಿದ್ದು ಅದು. ಆದರೆ ನನಗೆ ಗೊತ್ತಿದ್ದ ಎಷ್ಟೋ ಮಂದಿಯ ಮುಖಗಳು ಆ ತೊಟ್ಟಿಯಲ್ಲಿ ಒಂದೊಂದಾಗಿ ತೇಲಿಹೋದವು.

"ನಿಧಾನಸ್ಥ," ಎಂದರು ಲೀಲಮ್ಮ. "ಒಳ್ಳೇವ್ನು. ಆದ್ರೆ ನೋವು ಶುರುವಾದ ಹೆಂಗ್ಸು ಇವ್ನ ಜೊತೆ ಬಂದ್ರೆ ಹೆರಿಗೆ ದಾರೀಲೇ. ಮುಂದಿನ್ದು?"

ಮುಂದಿನದು ಚಪ್ಪಟೆ ತಳದ್ದು. ದಾರ ಬಿಗಿಯಾಗುತ್ತಲೇ ಅದು ನೀರಿನ ಮೇಲೆ ಏರಿ, ಸವರಿದ ಹಾಗೆ ಜಾರಿಹೋಯಿತು. ನಿಂತಾಗ ಅಲುಗುವುದಿಲ್ಲ, ಮೊಣಕಾಲುದ್ದ ನೀರಿನಲ್ಲೂ ಹೋಗುತ್ತದೆ. ಆದರೆ ಪ್ರಭಾಕರ ಅಂಗೈಯಿಂದ ತೊಟ್ಟಿಯ ನೀರನ್ನು ಕದಡಿ ಅಲೆ ಎಬ್ಬಿಸಿದಾಗ ಅದು ಪಟಪಟ ಬಡಿದುಕೊಂಡಿತು, ಕಲ್ಲು ರಸ್ತೆಯ ಮೇಲಿನ ಜಟಕಾದ ಹಾಗೆ. ಆಮೇಲೆ ಕೊಡಲಿಯ ಬಾಯಿಯಂತೆ ಚೂಪಾದ ತಳದ್ದು. ಅದು ಅಲೆಗಳನ್ನು ಬೆಣ್ಣೆಯ ಹಾಗೆ ಸೀಳಿಕೊಂಡು ನಡೆಯಿತು. ಆದರೆ ನಿಂತದ್ದೇ ತಡ, ಸಿಂಬೆಯಿಲ್ಲದ ಕೊಡದ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡಿತು. ಅದನ್ನು ನೀರಿನಿಂದ ಮೇಲೆತ್ತಲು ದೊಡ್ಡ ಮೋಟರೇ ಬೇಕಂತೆ. ಕೊನೆಯದು ಜೋಡಿ ದೋಣಿ, ನೊಗ ಕಟ್ಟಿದ ಎರಡು ಎತ್ತಿನ ಹಾಗೆ ಎರಡು ತೆಳ್ಳನೆಯ ಒಡಲು, ನಡುವೆ ಹಲಗೆ. ವಾಲುವುದೂ ಇಲ್ಲ, ಬಡಿಯುವುದೂ ಕಡಿಮೆ.

"ಇದೇ ಇರ್ಲಿ," ಎಂದರು ಲೀಲಮ್ಮ.

"ಅಗಲ ಜಾಸ್ತಿ ಸಿಸ್ಟರ್. ನಿಮ್ಮ ಹಿನ್ನೀರಿನಲ್ಲಿ ಮುಳುಗಿದ ಮರಗಳು ನಿಂತಿವೆ ಅಂತ ಕೇಳಿದೆ. ಸಂದಿಯಲ್ಲಿ ತೂರುವುದು ಹೇಗೆ?"

ಲೀಲಮ್ಮ ತೊಟ್ಟಿಯ ಮೇಲೆ ಬಾಗಿದರು. ಆಮೇಲೆ ಸೀರೆಯ ಸೆರಗಿನಿಂದ ಒಂದು ಪಿನ್ನು ಕಿತ್ತು, ಒಂದೊಂದು ದೋಣಿಯೊಳಗೂ ಮಲಗಿಸಿ ನೋಡಿದರು.

"ನೀವು ಕೂತ್ಕೊಂಡು ಹೋಗೋರ ಲೆಕ್ಕ ಹಾಕ್ತಿದ್ದೀರ. ಕೂತೋರು ಏನಾದ್ರೂ ಹಿಡ್ಕೋತಾರೆ. ಮಲಗಿರೋಳು ಏನನ್ನ ಹಿಡ್ಕೋತಾಳೆ ಹೇಳಿ? ಈಗ ಹರಿಗೋಲಲ್ಲಿ ತರ್ತೀವಿ. ಗಾಳಿ ಎದ್ರೆ ಅದು ಬುಗುರಿ ಥರ ತಿರುಗುತ್ತೆ. ಹೋದ ಮಳೆಗಾಲ ಒಬ್ಳು ನನ್ನ ತೊಡೆ ಮೇಲೇ ಹೋದ್ಲು. ಆಸ್ಪತ್ರೆ ಗೋಡೆ ಕಾಣ್ತಿತ್ತು, ಸುಣ್ಣ ಬಳಿದಿರೋದೂ ಕಾಣ್ತಿತ್ತು. ಬೇಗ ಹೋಗ್ಬೇಕು, ಆದ್ರೆ ಎತ್ತಿ ಹಾಕ್ಬಾರ್ದು. ಅಂಥದ್ದಿದ್ರೆ ಮಾಡಿ. ಇಲ್ದಿದ್ರೆ ಕಾಫಿ ಕುಡ್ಸಿ, ಹೋಗ್ತೀನಿ."

ಪ್ರಭಾಕರ ಒಳಗೆ ಹೋದರು. ಮೇಜಿನ ಮೇಲಿದ್ದ ಪಂಚಾಂಗವನ್ನು ತಂದು, ಅರ್ಧ ತೆರೆದು, ಮಗುಚಿದ ದೋಣಿಯ ಹಾಗೆ ಬೋರಲಾಗಿ ಹಿಡಿದರು. ಒಂದು ತುದಿಯಲ್ಲಿ ಅದರ ರಟ್ಟುಗಳನ್ನು ಬಿಗಿಯಾಗಿ ಒತ್ತಿ ಚೂಪು ಮಾಡಿದರು, ಇನ್ನೊಂದು ತುದಿಯನ್ನು ಹರಡಲು ಬಿಟ್ಟರು. ಮುಂದೆ ಚೂಪು, ಹಿಂದೆ ಹೋಗುತ್ತ ಹೋಗುತ್ತ ಚಪ್ಪಟೆ. ಮುಂಭಾಗ ಅಲೆಯನ್ನು ಸೀಳುತ್ತದೆ, ಹಿಂಭಾಗದ ಮೇಲೆ ದೋಣಿ ಏರಿ ನಿಲ್ಲುತ್ತದೆ. ಒಂದು ಆಕಾರ ಇನ್ನೊಂದು ಆಕಾರವಾಗಿ ಎಲ್ಲಿ ಬದಲಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾಗದು. ಎರಡೂ ಗುಣದ ಕೊಡ ಸಿಗುವುದಿಲ್ಲವೆಂದು ನಂಬಿ ಬೆಳೆದ ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ.

ಆ ಆಕಾರವನ್ನು ಮೊದಲು ಮರದಲ್ಲಿ ಮಾಡಬೇಕು. ಮರದ ಮಾದರಿಯ ಮೇಲೆ ಅಚ್ಚು, ಅಚ್ಚಿನೊಳಗೆ ದೋಣಿ. ಮರದ ಕೆಲಸಕ್ಕೆ ಕೋಗಿಲಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ವೀರಾಚಾರ್ರಿದ್ದರು. ಕೋಗಿಲು ಆಗ ಅಪ್ಪಟ ಹಳ್ಳಿ. ಅಲ್ಲಿಯ ಬಾಗಿಲು, ಮಂಚ, ತೊಟ್ಟಿಲುಗಳೆಲ್ಲ ಅವರ ಮನೆತನದವರ ಕೈಯಿಂದ ಬಂದವು. ಆಚಾರ್ರಿಗೆ ಒಂದು ಪದ್ಧತಿಯಿತ್ತು. ಯಾವ ಕೆಲಸ ಮುಗಿದರೂ ಕೊನೆಗೆ ಉಪ್ಪುಕಾಗದ ಹಿಡಿದು ಎಲ್ಲ ಅಂಚುಗಳನ್ನೂ ನಯವಾಗಿ ಉರುಟು, ಅಂದರೆ ಗುಂಡಗೆ, ಮಾಡುತ್ತಿದ್ದರು. ಅದಕ್ಕೆ ಮೂಲೆ ಮುರಿಯುವುದು ಎನ್ನುತ್ತಿದ್ದರು. ಆಮೇಲೆ ಬೆರಳಿನಿಂದಲ್ಲ, ಕೆನ್ನೆಯನ್ನಿಟ್ಟು ಸವರಿ ನೋಡುತ್ತಿದ್ದರು. ಅವರ ಬೆರಳು ಉಳಿ ಹಿಡಿದು ಹಿಡಿದು ದಪ್ಪಗಾಗಿತ್ತು, ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಕೂಸಿಗೆ ಚುಚ್ಚುವುದು ಕೆನ್ನೆಗೆ ತಿಳಿಯುತ್ತದೆ.

ಮಾದರಿ ಮುಗಿದ ದಿನ ನಾನು ಕಂಡದ್ದನ್ನು ನಿಮಗೆ ಹೇಳಲೇಬೇಕು. ಶೆಡ್ಡಿನ ನಡುವೆ ಬೋರಲಾಗಿ ಬಿದ್ದಿದ್ದ ಆ ದೊಡ್ಡ ಮರದ ಒಡಲಿನ ಸುತ್ತ ಆಚಾರ್ರು ಕಣ್ಣು ಮುಚ್ಚಿ, ಬಾಗಿ, ಕೆನ್ನೆಯನ್ನು ಅದರ ಅಂಚಿಗೆ ತಾಗಿಸಿಕೊಂಡು, ಮೂತಿಯಿಂದ ಹಿಂಬದಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದರು. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ಮರದ ಪುಡಿ ಚಿನ್ನದ ಹಾಗೆ ಹಾರಾಡುತ್ತಿತ್ತು. ಯಾವುದೋ ದೊಡ್ಡ ಪ್ರಾಣಿ ಮಲಗಿದೆ, ಅದರ ಉಸಿರನ್ನು ಈತ ಕೇಳಿಸಿಕೊಳ್ಳುತ್ತಿದ್ದಾನೆ ಎನ್ನಿಸಿತು. ಟೈಪು ಮಾಡುವ ಬೆರಳುಗಳನ್ನು ನಿಲ್ಲಿಸಿ ನೋಡಿದೆ. ಆ ಹೊತ್ತಿನಲ್ಲಿ ನನ್ನನ್ನು ಕೇಳಿದ್ದರೆ, ಇದಕ್ಕಿಂತ ಚೆನ್ನಾಗಿ ಮುಗಿದ ಕೆಲಸ ಭೂಮಿಯ ಮೇಲೆ ಇಲ್ಲವೆಂದೇ ಹೇಳುತ್ತಿದ್ದೆ.

ಅಚ್ಚು ತೆಗೆದು, ದೋಣಿ ಮಾಡಿ, ಬಣ್ಣ ಬಳಿದು, ಲಾರಿಯಲ್ಲಿ ಹೆಬ್ಬಾಳದ ಕೆರೆಗೆ ಒಯ್ದೆವು. ಬೆಳಗಿನ ಹೊತ್ತು. ಆಗ ಕೆರೆ ತುಂಬಿತ್ತು. ಏರಿಯ ಮೇಲೆ ನಿಂತರೆ ನೀರಿನ ಆಚೆ ದಡದ ತೆಂಗಿನ ಮರಗಳು ಬಳಪದ ಗೆರೆಗಳ ಹಾಗೆ ಕಾಣುತ್ತಿದ್ದವು. ಎಮ್ಮೆಗಳು ಮೂಗು ಮಾತ್ರ ಮೇಲೆ ಬಿಟ್ಟು ತೇಲುತ್ತಿದ್ದವು. ಬಳ್ಳಾರಿ ರಸ್ತೆಯ ಲಾರಿಗಳು ನಿಧಾನ ಮಾಡಿ ನಮ್ಮತ್ತ ಇಣುಕಿ ಹೋಗುತ್ತಿದ್ದವು. ಅಧಿಕಾರಿ ಬಂದಿದ್ದರು, ಲೀಲಮ್ಮ ಬಂದಿದ್ದರು, ಆಚಾರ್ರೂ ಬಂದಿದ್ದರು. ಈ ದಿನ ದೋಣಿ ಓಡಿದರೆ ಹಿನ್ನೀರಿಗೆ ಹೋಗುತ್ತದೆ; ಓಡದಿದ್ದರೆ ಮಂಜೂರಾದದ್ದು ಹಿಂದಕ್ಕೆ, ಹರಿಗೋಲೇ ಮುಂದಕ್ಕೆ. ಇದು ಎಲ್ಲರಿಗೂ ಗೊತ್ತಿತ್ತು.

ಪ್ರಭಾಕರ ಹಿಂಬದಿಯ ಹಲಗೆಗೆ ಸಿಕ್ಕಿಸಿದ ಮೋಟರಿನ ಹಗ್ಗ ಎಳೆದರು. ಅದು ಕೆಮ್ಮಿ, ಗುರುಗುಟ್ಟಿ, ಹೊಗೆ ಬಿಟ್ಟು ಹೊರಟಿತು. ನಿಧಾನಕ್ಕೆ ಹೋಗುವಾಗ ಚೆನ್ನಾಗಿಯೇ ಇತ್ತು. ವೇಗ ಹೆಚ್ಚಿಸುತ್ತಲೇ ಮೂತಿ ಮೇಲೆದ್ದಿತು. ಇನ್ನೇನು ಹಿಂಭಾಗವೂ ಏರಿ ದೋಣಿ ಸಮನಾಗಿ ಓಡಬೇಕು ಎಂದು ನಾವು ಕಾದೆವು. ಅದು ಏರಲಿಲ್ಲ. ಮೂತಿ ಆಕಾಶ ನೋಡುತ್ತಲೇ ಉಳಿಯಿತು, ಹಿಂಬದಿ ಮುಳುಗುತ್ತಲೇ ಹೋಯಿತು, ಮೋಟರು ಅರಚಿತು, ಹಿಂದೆ ಬೆಟ್ಟದಂಥ ಅಲೆ ಎದ್ದಿತು. ನೀರು ದೋಣಿಯ ಪಕ್ಕೆಗಳನ್ನು ಬಿಟ್ಟು ಸಿಡಿಯುವ ಬದಲು, ಮೇಲಕ್ಕೆ ಹತ್ತಿ ಹತ್ತಿ ತಬ್ಬಿಕೊಳ್ಳುತ್ತಿತ್ತು. ಎಮ್ಮೆಗಳು ದಿಗಿಲಿನಿಂದ ದಡಕ್ಕೆ ಬಂದವು. ಪ್ರಭಾಕರ ಮರಳಿನ ಚೀಲಗಳನ್ನು ಮುಂದಕ್ಕೆ ಸರಿಸಿ ನೋಡಿದರು, ಮೋಟರನ್ನು ಎತ್ತರಿಸಿ ನೋಡಿದರು. ಮತ್ತೆ ಅದೇ ಕಥೆ.

ಅಧಿಕಾರಿ ಗಡಿಯಾರ ನೋಡಿಕೊಂಡರು. "ಮುಂದಿನ ವಾರ ನಾನು ಈ ಕಡೆ ಬರೋದಿದೆ. ಆಗ್ಲೂ ಹಿಂಗೇ ಇದ್ರೆ ಬರೆದು ಕಳಿಸ್ಬಿಡ್ತೀನಿ ಕಣ್ರೀ. ನನಗೂ ಮೇಲಿನವರು ಕೇಳ್ತಾರೆ," ಎಂದು ಜೀಪು ಹತ್ತಿ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರೂ ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದರು.

ನಾವು ಏರಿಯ ಕೆಳಗಿನ ಹೊಂಗೆ ಮರದ ನೆರಳಿನಲ್ಲಿ ಕೂತೆವು. ಲೀಲಮ್ಮ ಬುತ್ತಿ ಬಿಚ್ಚಿದರು, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಎಲ್ಲರಿಗೂ ಹಂಚಿ, ಡಬ್ಬಿಯಲ್ಲಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿದರು. ಮಜ್ಜಿಗೆ ಲೋಟಕ್ಕೆ ಬೀಳಲಿಲ್ಲ; ಡಬ್ಬಿಯ ಬಾಯಿಂದ ಹೊರಳಿ, ಅದರ ಮೈಗುಂಟ ಇಳಿದು, ಅವರ ಬಿಳಿ ಸೀರೆಯ ಮೇಲೆ ಬಿತ್ತು.

"ಹಾಳಾದ್ ಡಬ್ಬಿ! ಇದರ ಬಾಯಿ ಗುಂಡಗಿದೆ, ಎಷ್ಟು ಹುಷಾರಾಗಿ ಬಗ್ಗಿಸಿದ್ರೂ ಮೈಮೇಲೇ ಇಳಿಯುತ್ತೆ. ನಮ್ಮ ಆಸ್ಪತ್ರೆ ಔಷಧಿ ಲೋಟ ನೋಡ್ಬೇಕು, ಅಂಚು ತೆಳ್ಳಗೆ, ಒಂದು ತೊಟ್ಟೂ ಆಚೆ ಹೋಗಲ್ಲ."

ಪ್ರಭಾಕರ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಹಾಗೇ ಹಿಡಿದುಕೊಂಡರು. "ಇನ್ನೊಮ್ಮೆ ಬಗ್ಗಿಸಿ ಸಿಸ್ಟರ್."

"ಯಾಕೆ, ಇನ್ನೊಂದು ಸೀರೆ ಕೊಡಿಸ್ತೀರಾ?"

"ಬಗ್ಗಿಸಿ ಮಾರಾಯ್ರೆ!"

ಅವರು ಬಗ್ಗಿಸಿದರು. ಮಜ್ಜಿಗೆ ಮತ್ತೆ ಡಬ್ಬಿಯ ಮೈಯನ್ನು ತಬ್ಬಿಕೊಂಡೇ ಇಳಿಯಿತು. ಪ್ರಭಾಕರ ಎಂಜಲು ಕೈಯಲ್ಲೇ ಎದ್ದು ನೀರಿಗಿಳಿದು, ದೋಣಿಯ ಹಿಂಬದಿಯ ತಳದ ಅಂಚನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಪಕ್ಕೆಯ ಅಂಚನ್ನು. ಅಲ್ಲಿಂದಲೇ ಕೂಗಿದರು: "ಆಚಾರ್ರೇ! ಇದನ್ನು ಉರುಟು ಮಾಡಿದ್ದು ಯಾರು?"

ಆಚಾರ್ರು ಹೆಮ್ಮೆಯಿಂದಲೇ ಹೇಳಿದರು: "ನಾನೇ ಸಾರ್. ಮೂಲೆ ಮುರೀದೆ ಎಂಗೆ ಬಿಡೋದು?"

ಯೋಚಿಸಿ ನೋಡಿ, ತಪ್ಪು ಯಾರದು? ನಕ್ಷೆಯಲ್ಲಿ ಅಂಚು ಚೂಪಾಗಿಯೇ ಇತ್ತು. ಆದರೆ ಎಲ್ಲ ನಕ್ಷೆಯಲ್ಲೂ ಎಲ್ಲ ಅಂಚೂ ಚೂಪೇ. ಪೆನ್ಸಿಲಿಗೆ ಬೇರೆ ಥರ ಬರೆಯಲು ಬರುವುದಿಲ್ಲ. ಮಂಚದ ನಕ್ಷೆಯೂ ಹಾಗೇ, ಬೆಂಚಿನದೂ ಹಾಗೇ. ಉರುಟು ಮಾಡಬೇಡಿ ಎಂದು ಹೇಳಬೇಕೆಂದು ಪ್ರಭಾಕರರಿಗೆ ಹೊಳೆಯಲಿಲ್ಲ. ಕರಾವಳಿಯ ಬಡಗಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಕೇಳಬೇಕೆಂದು ಆಚಾರ್ರಿಗೂ ಹೊಳೆಯಲಿಲ್ಲ. ಕೋಗಿಲಿನಲ್ಲಿ ಯಾರೂ ಚೂಪು ಅಂಚಿನ ಸಾಮಾನು ಕೇಳಿದ್ದಿಲ್ಲ. ನೀರು ಎಂಥದೆಂದು ಇಬ್ಬರಿಗೂ ಗೊತ್ತಿತ್ತು, ಆದರೆ ಒಬ್ಬರಿಗೆ ಅದು ದೋಣಿಯ ಹೊರಗಿನಿಂದ ಬರುವ ಸಂಗತಿ, ಇನ್ನೊಬ್ಬರಿಗೆ ಕೊಡದ ಒಳಗೆ ಇರುವ ಸಂಗತಿ.

ನೀರಿನ ಸ್ವಭಾವ ನನಗೆ ತಿಳಿದದ್ದು ಆ ಮರದಡಿಯಲ್ಲಿ, ಮಜ್ಜಿಗೆಯಿಂದ. ಗುಂಡಗಿನ ಮೈ ಸಿಕ್ಕರೆ ನೀರು ಅಂಟಿಕೊಳ್ಳುತ್ತದೆ, ಅದರ ತಿರುವಿನ ಜೊತೆ ತಾನೂ ತಿರುಗುತ್ತದೆ, ಬಿಡುವುದಿಲ್ಲ. ನಿಧಾನವಾಗಿ ಹೋಗುವ ದೋಣಿಗೆ ಈ ಪ್ರೀತಿ ಒಳ್ಳೆಯದೇ. ಅದಕ್ಕೇ ಅದರ ಹೊಟ್ಟೆ ಗುಂಡಗೆ. ಏರಿ ಓಡಬೇಕಾದ ದೋಣಿಗೆ ಮಾತ್ರ ನೀರು ಒಂದು ಕಡೆ ಕೈ ಬಿಡಬೇಕು. ಅಂಚು ಚೂಪಾಗಿದ್ದರೆ ನೀರಿಗೆ ಅಷ್ಟು ಥಟ್ಟನೆ ತಿರುಗಲು ಆಗುವುದಿಲ್ಲ, ಅದು ಹೊರಕ್ಕೆ ಸಿಡಿದುಹೋಗುತ್ತದೆ, ಹಗುರಾದ ದೋಣಿ ಮೇಲೇಳುತ್ತದೆ. ನಮ್ಮ ದೋಣಿಯನ್ನು ನೀರು ಹಿಂದಿನಿಂದ ಸೆರಗು ಹಿಡಿದು ಎಳೆಯುತ್ತಿತ್ತು. ಕೂದಲೆಳೆಯಷ್ಟು ನಯ, ಬೆರಳಿನ ಗೆಣ್ಣಿನಷ್ಟು ತಿರುವು. ಅಷ್ಟರಿಂದ ಮೋಟರಿನ ಶಕ್ತಿಯೆಲ್ಲ ವ್ಯರ್ಥ. ಇಷ್ಟು ದೊಡ್ಡ ಕೆರೆ ಇಷ್ಟು ಸಣ್ಣ ಅಂಚನ್ನು ಗಮನಿಸುತ್ತದೆ ಎಂಬುದು ನನ್ನನ್ನು ದಂಗುಬಡಿಸಿತು. ನಮ್ಮನ್ನು ಯಾರೂ ಗಮನಿಸುತ್ತಿಲ್ಲ ಎಂದುಕೊಂಡು ಬದುಕುವ ನಮಗೆ ಅದೊಂದು ಭಯ. ಯೋಚಿಸಿದರೆ ಒಂದು ಸಮಾಧಾನವೂ ಹೌದು.

ಅಂಚು ಸರಿ ಮಾಡುವ ದಾರಿ ಕಷ್ಟದ್ದೇನಲ್ಲ. ರಾಳದಲ್ಲಿ ನಾರಿನ ಚೂರು ಕಲಸಿ, ಉರುಟಾದ ಕಡೆಯೆಲ್ಲ ತುಂಬಿ, ಗಟ್ಟಿಯಾದ ಮೇಲೆ ತಿದ್ದಿ ಚೂಪು ಮಾಡಬೇಕು. ಕಷ್ಟವಿದ್ದುದು ಆಚಾರ್ರದು. ಶೆಡ್ಡಿಗೆ ಬಂದ ಮೇಲೆ ಅವರು ಉಜ್ಜುವ ಅರವನ್ನು ಕೆಳಗಿಟ್ಟು ಕೂತುಬಿಟ್ಟರು.

"ನನ್ ಕೈಲಿ ಆಗಲ್ಲ ಸಾರ್. ಕೈ ಕುಯ್ಯೋ ಅಂಗೆ ಒಂದು ಸಾಮಾನು ನಮ್ಮಪ್ಪ ಮಾಡ್ಲಿಲ್ಲ, ನಾನೂ ಮಾಡಿಲ್ಲ. ಮೂಲೆ ಮುರೀದೇ ಇರೋದು ಮುಗಿದ ಕೆಲ್ಸಾನೇ ಅಲ್ಲ. ಬೇರೆಯೋರ್ನ ಕರ್ಸಿ."

"ಬೇರೆಯವರು ಯಾರು ಆಚಾರ್ರೇ? ಈ ದೋಣಿಯ ಮೈ ಗೊತ್ತಿರುವುದು ನಿಮಗೆ ಮಾತ್ರ."

"ಗೊತ್ತಿರೋದಕ್ಕೇ ಆಗಲ್ಲ ಅಂತ ಏಳ್ತಿರೋದು."

ಊರಿಗೆ ಹೋಗುವ ಬಸ್ಸನ್ನು ಬಿಟ್ಟು ನಮ್ಮ ಜೊತೆ ಬಂದಿದ್ದ ಲೀಲಮ್ಮ ಆಗ ಬಾಯಿ ಹಾಕಿದರು.

"ಆಚಾರ್ರೇ, ದೋಣಿ ತಳಕ್ಕೆ ಕೆನ್ನೆ ಇಟ್ಟು ನೋಡಿದ್ರಂತೆ, ಹೌದಾ?"

"ಊಂ ಕಣಮ್ಮ."

"ಅಲ್ಲಿ ಯಾರ್ ಬಂದು ಕೆನ್ನೆ ಇಡ್ತಾರೆ? ಮೊಸಳೆನಾ?"

ಆಚಾರ್ರು ನಗಬಾರದೆಂದು ಬಿಗಿಯಾಗಿ ಕೂತಿದ್ದರು. ಮೀಸೆ ಮಾತ್ರ ಅಲುಗಿತು.

"ನನ್ನ ಹೆಂಗಸ್ರು ಮಲಗೋದು ಒಳಗಡೆ," ಎಂದು ಲೀಲಮ್ಮ ದನಿ ತಗ್ಗಿಸಿದರು. "ಒಳಗೆ ನೀವು ನೋಡೇ ಇಲ್ಲ. ಸೀಟಿನ ಕೆಳಗೆ ನಟ್ಟು ಬೋಲ್ಟು ಚುಚ್ಚುತ್ತೆ. ನೋವು ತಿನ್ನೋಳು ಕೈಕಾಲು ಆಡಿಸ್ತಾಳೆ, ಅವಳಿಗೆ ತಗಲೋದು ಅದು. ನಿಮ್ ಕೆನ್ನೆ ಅಲ್ಲಿ ಬೇಕು. ಹೊರಗಿಂದು ನೀರಿಗೆ ಬಿಡಿ, ಅದಕ್ಕೆ ಕುಯ್ದ್ರೆ ಗಾಯ ಆಗಲ್ಲ."

ಆಚಾರ್ರು ಎದ್ದು ನಿಂತರು. ಆಮೇಲೆ ಅರವನ್ನು ಎತ್ತಿಕೊಂಡರು. ಎತ್ತಿಕೊಂಡವರು ಮೊದಲು ಹೋದದ್ದು ಅಂಚಿನ ಕಡೆಗಲ್ಲ, ದೋಣಿಯ ಒಳಕ್ಕೆ.

ಆ ವಾರ ಅವರು ಕೆಲಸ ಮಾಡಿದ ರೀತಿಯನ್ನು ನಾನು ಹೇಗೆ ವರ್ಣಿಸಲಿ? ಹೊರಗೆ ರಾಳ ತುಂಬಿ, ಉಳಿಯ ಬಾಯಿಯಷ್ಟು ಚೂಪಾಗಿ ಅಂಚು ತೆಗೆದರು. ತೆಗೆಯುವಾಗ ಮುಖ ಸಿಂಡರಿಸಿಕೊಂಡು, ಕಹಿ ಕಷಾಯ ಕುಡಿಯುವವರ ಹಾಗೆ ಇರುತ್ತಿದ್ದರು. ಒಳಗೆ ಒಂದು ಮೊಳೆಯ ತಲೆಯನ್ನೂ ಬಿಡದೆ ಮುಚ್ಚಿ, ಮಲಗುವ ಹಲಗೆಯ ನಾಲ್ಕೂ ಪಕ್ಕಕ್ಕೆ ತೊಟ್ಟಿಲಿನ ಹಾಗೆ ಉರುಟಾದ ಕಟ್ಟು ಕೂರಿಸಿದರು. ಹೊರಗೆ ಕತ್ತಿ, ಒಳಗೆ ತೊಟ್ಟಿಲು. ಒಂದೇ ಒಡಲು ಲೋಕಕ್ಕೆ ಒಂದು ಮುಖ, ತನ್ನ ಮಡಿಲಿನಲ್ಲಿರುವವರಿಗೆ ಇನ್ನೊಂದು ಮುಖ ತೋರಿಸುವುದನ್ನು ನಾವು ಜನರಲ್ಲಿ ಕಂಡರೆ ಹುಳುಕು ಎನ್ನುತ್ತೇವೆ. ಆದರೆ ಎಷ್ಟೋ ತಾಯಂದಿರು ಬಸ್ ಸ್ಟಾಂಡಿನಲ್ಲಿ ಜಗಳವಾಡಿ ಸೀಟು ಹಿಡಿದು, ಕೂತ ಮೇಲೆ ಅದೇ ಬಾಯಲ್ಲಿ ಲಾಲಿ ಹೇಳುವುದನ್ನು ನೀವೂ ನೋಡಿದ್ದೀರಿ. ಅದನ್ನು ಹುಳುಕೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಮುಂದಿನ ವಾರ ಮತ್ತೆ ಅದೇ ಕೆರೆ, ಅದೇ ಬೆಳಗು. ಅಧಿಕಾರಿ ಜೀಪಿನ ನೆರಳಿನಲ್ಲಿ ನಿಂತಿದ್ದರು. ಈ ಸಲ ಲೀಲಮ್ಮ ದೋಣಿ ಹತ್ತಿದವರೇ ಸೆರಗು ಬಿಗಿದು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಹಲಗೆಯ ಮೇಲೆ ಅಂಗಾತ ಮಲಗಿಬಿಟ್ಟರು.

"ಸಿಸ್ಟರ್, ಕೂತುಕೊಳ್ಳಿ, ಎಂತದು ಇದು!" ಎಂದರು ಪ್ರಭಾಕರ.

"ಕೂತು ನೋಡಿದ್ರೆ ನನಗೇನ್ ಗೊತ್ತಾಗುತ್ತೆ? ನಡೀರಿ. ಏನನ್ನೂ ಹಿಡ್ಕೊಳ್ಳಲ್ಲ ನಾನು. ಬಿದ್ರೆ ನಿಮ್ ದೋಣಿ ಬೇಡ."

ಅವರಿಗೆ ಈಜು ಬರುತ್ತಿರಲಿಲ್ಲ. ಆಚಾರ್ರಿಗೂ ಬರುತ್ತಿರಲಿಲ್ಲ, ಅವರು ಮೂತಿಯ ಹತ್ತಿರ, ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. ನನಗೂ ಬರುತ್ತಿರಲಿಲ್ಲ, ಭಾರ ಸರಿದೂಗಲಿ ಎಂದು ನನ್ನನ್ನು ಮರಳಿನ ಚೀಲದ ಜಾಗದಲ್ಲಿ ಕೂರಿಸಿದ್ದರು.

ದೋಣಿ ಹೊರಟಿತು. ನೀರು ಮೊದಲು ನೀರಿನ ಹಾಗೇ ಇತ್ತು, ಮೆತ್ತಗೆ, ತೂಗುತ್ತ. ವೇಗ ಹೆಚ್ಚಿತು. ಮೂತಿ ಎದ್ದಿತು, ಆಚಾರ್ರ ತಲೆ ಆಕಾಶಕ್ಕೆ ಹೋಯಿತು. ಹಿಂದೆ ಅಲೆ ಗುಡ್ಡೆಯಾಯಿತು. ಹೋದ ಸಲ ಸಿಕ್ಕಿಬಿದ್ದಿದ್ದ ಅದೇ ಹಳ್ಳದಲ್ಲಿ ನಾವು ಕೂತಿದ್ದೆವು. ಮೋಟರು ಅರಚುತ್ತಿತ್ತು. ಲೀಲಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡು, ಕಣ್ಣು ಬಿಟ್ಟುಕೊಂಡು, ಆಕಾಶ ನೋಡುತ್ತ ಓರೆಯಾಗಿ ಮಲಗಿದ್ದರು. ಒಂದು ಉಸಿರು, ಇನ್ನೊಂದು ಉಸಿರು. ಆಗ ಯಾರೋ ನಮ್ಮನ್ನು ಕೆಳಗಿನಿಂದ ಅಂಗೈಯಲ್ಲಿಟ್ಟು ಎತ್ತಿದರು.

ಅದಕ್ಕೆ ಬೇರೆ ಮಾತು ನನ್ನಲ್ಲಿಲ್ಲ. ಹಿಂಬದಿ ಏರಿತು, ಮೂತಿ ಇಳಿಯಿತು, ಮೋಟರಿನ ಅರಚಾಟ ಹಾಡಿನಂತಾಯಿತು. ಎರಡೂ ಪಕ್ಕದಲ್ಲಿ ನೀರು ಅಂಚನ್ನು ಬಿಟ್ಟು, ಬಿಳಿ ಪಂಚೆ ಕೊಡವಿದ ಹಾಗೆ ಸಿಡಿದು ದೂರ ಬೀಳುತ್ತಿತ್ತು. ಕೈ ಚಾಚಿ ಮುಟ್ಟಿದೆ. ಬೆರಳಿಗೆ ನೀರು ನೆಲದಷ್ಟು ಗಟ್ಟಿಯಾಗಿ ಬಡಿಯಿತು. ಹುಟ್ಟಿದಾಗಿನಿಂದ ಸೇದಿ, ಹೊತ್ತು, ಕುಡಿದು, ನನಗೆ ಗೊತ್ತು ಎಂದುಕೊಂಡಿದ್ದ ನೀರು ಇದೇನಾ? ವೇಗವಾಗಿ ಹೋಗುವವನಿಗೆ ಅದು ರಸ್ತೆಯಾಗುತ್ತದೆಂದು, ನಿಂತರೆ ಮತ್ತೆ ಬಾಯಿ ತೆರೆಯುತ್ತದೆಂದು, ಇಷ್ಟು ವರ್ಷ ನಮ್ಮ ಬಾವಿಯ ತಳದಲ್ಲಿ ಅದು ಈ ಗುಟ್ಟನ್ನು ಇಟ್ಟುಕೊಂಡೇ ಕೂತಿತ್ತೆಂದು ನೆನೆಯುತ್ತ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯುವುದನ್ನೇ ಮರೆತೆ. ಕೆರೆಯ ನಡುವಿನ ಗಾಳಿಯಲೆಗಳನ್ನು ಮೂತಿ ಸರಕ್ಕೆಂದು ಸೀಳಿತು. ಮಲಗಿದ್ದವರ ಮೈ ಒಂದು ಸಣ್ಣ ನಡುಕ ಬಿಟ್ಟರೆ ಅಲುಗಲಿಲ್ಲ. ಪ್ರಭಾಕರ ತಿರುವು ತೆಗೆದುಕೊಂಡರು. ಅಂಚು ನೀರನ್ನು ಕಚ್ಚಿ ಹಿಡಿಯಿತು. ದೋಣಿ ಒಳಮುಖವಾಗಿ ವಾಲಿತು. ಹಲಗೆಯ ಉರುಟು ಕಟ್ಟು ಲೀಲಮ್ಮನವರ ಭುಜಕ್ಕೆ ಮೆತ್ತಗೆ ತಾಗಿ, ಅವರನ್ನು ಅಲ್ಲೇ ಹಿಡಿದುಕೊಂಡಿತು. ಆಚಾರ್ರು ಹಿಂದೆ ತಿರುಗಿ ನೋಡುತ್ತಿದ್ದುದು ಕೆರೆಯನ್ನಲ್ಲ, ಆ ಭುಜವನ್ನು.

ದಡಕ್ಕೆ ಬಂದೆವು. ಮೋಟರು ನಿಂತಾಗ ಕಿವಿಯಲ್ಲಿ ಮೌನ ಗುಂಯ್‌ಗುಟ್ಟಿತು. ಅಧಿಕಾರಿ ಏರಿಯಿಂದ ಇಳಿದು ಬಂದು, ನೀರಿನ ಅಂಚಿನಲ್ಲಿ ಚಪ್ಪಲಿ ನೆನೆಯದಂತೆ ನಿಂತು ಕೇಳಿದರು: "ಏನ್ ಸಿಸ್ಟರ್? ಆಗುತ್ತಾ?"

ಲೀಲಮ್ಮ ಏಳಲಿಲ್ಲ. ಆಕಾಶ ನೋಡುತ್ತಲೇ ಇದ್ದರು. ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆ ಇಳಿದಿತ್ತು. ಅದು ಗಾಳಿಗೆ ಬಂದದ್ದೋ ಏನೋ, ನಾನು ಕೇಳಲಿಲ್ಲ.

"ಹೋದ ಮಳೆಗಾಲ ಇದಿದ್ದಿದ್ರೆ ಅವಳು ಬದುಕ್ತಿದ್ಲು," ಎಂದರು, ಯಾರಿಗೂ ಅಲ್ಲ. ಆಮೇಲೆ ಅಧಿಕಾರಿಯ ಕಡೆ ತಲೆ ಹೊರಳಿಸಿ, "ಆಗುತ್ತೆ ಸಾರ್. ಬರ್ಕೊಳ್ಳಿ," ಎಂದರು.

ಆಚಾರ್ರು ತಮ್ಮ ಹೆಗಲಿನ ಟವಲ್ಲನ್ನು ತೆಗೆದು ಅವರಿಗೆ ಕೊಟ್ಟರು. ಲೀಲಮ್ಮ ಮುಖ ಒರೆಸಿಕೊಂಡು, ಎದ್ದು ಕೂತು, ಸೀರೆ ಸರಿಮಾಡಿಕೊಂಡು, ನನ್ನ ಮುಂದೆ ಕೈ ಚಾಚಿದರು.

"ಶಿವಣ್ಣ, ಕನ್ನಡಕ ಕೊಡಿ. ಪ್ರಭಾಕರ ಅವ್ರೇ, ಇನ್ನೊಂದ್ಸಲ ಹೋಗಣ. ಇಷ್ಟ್ ಹೊತ್ತು ಅವಳಿಗೋಸ್ಕರ ಮಲಗಿದ್ದೆ. ಈಗ ಕೂತ್ಕೋತೀನಿ. ನಾನೂ ನೋಡ್ಬೇಕಲ್ಲ."